ಸಾನ್ ಮಾರ್ಕೊ ಮಠದ ಭಿತ್ತಿಚಿತ್ರಗಳು ಮತ್ತು ಮಾರ್ಗದರ್ಶಿಯ ಮಾತು

ಫ್ಲಾರೆನ್ಸ್ ನಗರದ ಸಾನ್ ಮಾರ್ಕೊ ಮಠವು 1869ರಿಂದ ವಸ್ತುಸಂಗ್ರಹಾಲಯವಾಗಿದೆ. ಹದಿನೈದನೆಯ ಶತಮಾನದಲ್ಲಿ ದೊಮಿನಿಕ್ ಸಭೆಯ ಸಂನ್ಯಾಸಿಗಳು ವಾಸಿಸಿದ ಕೋಣೆಗಳೂ ಅವುಗಳ ಗೋಡೆಗಳ ಮೇಲೆ ಅದೇ ಸಭೆಯ ಫ್ರಾ ಆಂಜೆಲಿಕೊ ತಮ್ಮ ಸಹಾಯಕರೊಡನೆ ರಚಿಸಿದ ಭಿತ್ತಿಚಿತ್ರಗಳೂ ಅಲ್ಲಿ ಇದ್ದಲ್ಲಿಯೇ ಉಳಿದಿವೆ. ಹೆಚ್ಚಿನ ಹಣ ತೆತ್ತವರಿಗೆ, ಜನಜಂಗುಳಿಯಿಂದ ಪ್ರತ್ಯೇಕವಾಗಿ, ತಮಗೆಂದೇ ಒಬ್ಬ ಮಾರ್ಗದರ್ಶಿಯೊಡನೆ ಅವನ್ನು ನೋಡುವ ಅನುಕೂಲವಿದೆ. ಪ್ರಾರ್ಥನೆಗೆಂದು ಹುಟ್ಟಿದ ಚಿತ್ರವನ್ನು ಇಂತಹ ವೀಕ್ಷಣೆಯು ಏನು ಮಾಡುತ್ತದೆ ಎಂಬುದು ನಮ್ಮ ಪ್ರಶ್ನೆ. ಇದು ಇಟಲಿಗಷ್ಟೇ ಸೇರಿದ ಪ್ರಶ್ನೆಯಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿಗೆ ಪ್ರಾರ್ಥಿಸಲು ಬರುವವರೂ ಪ್ರವಾಸಕ್ಕೆ ಬರುವವರೂ ಒಂದೇ ಬಾಗಿಲಿನಿಂದ ಒಳಗೆ ಬರುತ್ತಾರೆ. ಅವರಿಗೆ ಅಲ್ಲಿನ ಚಿತ್ರಗಳನ್ನು ಕುರಿತು ಯಾರು, ಏನನ್ನು ಹೇಳಬೇಕು ಎಂಬುದನ್ನು ನಾವು ಇನ್ನೂ ಗಂಭೀರವಾಗಿ ಯೋಚಿಸಿಲ್ಲ.

ಕಾನ್ವೆಂಟ್ ಎಂದೊಡನೆ ನಮ್ಮ ಕರಾವಳಿಯ ಜನರ ಮನಸ್ಸಿಗೆ ಬರುವುದು ಧರ್ಮಭಗಿನಿಯರ ಮಠ, ಇಲ್ಲವೇ ಅವರು ನಡೆಸುವ ಇಂಗ್ಲಿಷ್ ಶಾಲೆ. ಸಾನ್ ಮಾರ್ಕೊ ಪುರುಷ ಸಂನ್ಯಾಸಿಗಳ ಮಠ. 1436ರಲ್ಲಿ ಜಗದ್ಗುರು ನಾಲ್ಕನೆಯ ಯೂಜಿನ್ ಅವರು ಅದನ್ನು ಸಿಲ್ವೆಸ್ಟ್ರಿನ್ ಸಂನ್ಯಾಸಿಗಳಿಂದ ಪಡೆದು, ನಿಯಮಪಾಲನೆಯಲ್ಲಿ ಕಟ್ಟುನಿಟ್ಟಾಗಿದ್ದ ಫಿಯೆಸೊಲೆಯ ದೊಮಿನಿಕನ್ನರಿಗೆ ವಹಿಸಿದರು. ಕೊಸಿಮೊ ದೆ ಮೆದಿಚಿ ಎಂಬ ಧನಿಕನ ಹಣದಿಂದ ವಾಸ್ತುಶಿಲ್ಪಿ ಮಿಕೆಲೊಜ್ಜೊ ಅದನ್ನು ಪುನರ್ನಿರ್ಮಿಸಿದನು. 1443ರ ಮೂರು ರಾಯರ ಹಬ್ಬದಂದು ಅಲ್ಲಿಯ ದೇವಾಲಯದ ಪ್ರತಿಷ್ಠಾಪನೆ ನಡೆಯಿತು. ನಮ್ಮ ಕುಕ್ಕುಂದೂರಿನ ನೆರೆಯ ಕಾರ್ಕಳದ ಬೆಟ್ಟದ ಮೇಲೆ ಗೊಮ್ಮಟನನ್ನು ನಿಲ್ಲಿಸಿದ್ದು 1432ರಲ್ಲಿ. ಹೀಗೆ ಎರಡು ದೂರದ ನಾಡುಗಳಲ್ಲಿ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ತ್ಯಾಗವನ್ನು ಕಣ್ಣೆದುರು ನಿಲ್ಲಿಸುವ ಎರಡು ಬೇರೆ ಬೇರೆ ಪ್ರಯತ್ನಗಳು ನಡೆದವು. ಅಲ್ಲಿ ಬೆಟ್ಟದ ತುದಿಯಲ್ಲಿ ಊರಿಗೆಲ್ಲ ಕಾಣುವಂತೆ ನಲವತ್ತೆರಡು ಅಡಿಯ ಕಲ್ಲು. ಇಲ್ಲಿ ಒಬ್ಬನೇ ಮಲಗುವ ಕೋಣೆಯಲ್ಲಿ, ಆ ಒಬ್ಬನಿಗೆ ಮಾತ್ರ ಕಾಣುವ ಗೋಡೆ.

ಈ ಕೊನೆಯ ಸಂಗತಿಯೇ ಸಾನ್ ಮಾರ್ಕೊ ಚಿತ್ರಗಳ ಕೀಲಿಕೈ. ಮೇಲಂತಸ್ತಿನ ನಲವತ್ತಕ್ಕೂ ಹೆಚ್ಚು ಕೋಣೆಗಳಲ್ಲಿ ಒಂದೊಂದರಲ್ಲೂ ಒಂದೊಂದು ಚಿತ್ರವಿದೆ. ಬಣ್ಣಗಳು ಮಿತ, ಹಿನ್ನೆಲೆ ಬರಿದು, ಕಥನ ತೀರ ಕಡಿಮೆ. ರೋಮಿನಲ್ಲಿ ಲೈಸೆನ್ಷಿಯೇಟ್ ವ್ಯಾಸಂಗ ಮಾಡುತ್ತಿದ್ದ ದಿನಗಳಲ್ಲಿ ನಾವು ಇಂತಹ ಒಂದು ಖಾಸಗಿ ವೀಕ್ಷಣೆಯಲ್ಲಿ ಪಾಲ್ಗೊಂಡಿದ್ದೆವು. ಮಾರ್ಗದರ್ಶಿ ವಿದ್ಯಾವಂತರು, ಸಜ್ಜನರು. ಅವರು ಹೇಳಿದ್ದರಲ್ಲಿ ತಪ್ಪು ಹುಡುಕುವುದು ಕಷ್ಟ. ಕೊಸಿಮೊನ ರಾಜಕಾರಣ, ಹಸಿ ಗಾರೆಯ ಮೇಲೆ ಬಣ್ಣ ಹಚ್ಚುವ ಕ್ರಮ, ದೂರ-ಸಮೀಪಗಳನ್ನು ಗೆರೆಯಲ್ಲಿ ತೋರಿಸುವ ಅಂದಿನ ಹೊಸ ವಿದ್ಯೆ, 1491ರಲ್ಲಿ ಮಠಾಧಿಪತಿಯಾಗಿ 1498ರಲ್ಲಿ ಸುಡಲ್ಪಟ್ಟ ಸವೊನರೋಲನ ದುರಂತ, ಇವೆಲ್ಲ ಕ್ರಮವಾಗಿ ಬಂದವು. ನಡುವೆ, ಹದಿನಾರನೆಯ ಶತಮಾನದಲ್ಲಿ ವಸಾರಿ ಬರೆದ ಪ್ರಸಿದ್ಧ ಕಥೆಯೂ ಬಂತು: ಶಿಲುಬೆಯ ಚಿತ್ರ ಬರೆಯುವಾಗ ಆಂಜೆಲಿಕೊ ಕಣ್ಣೀರಿಡುತ್ತಿದ್ದನಂತೆ, ಒಮ್ಮೆ ಬರೆದುದನ್ನು ತಿದ್ದುತ್ತಿರಲಿಲ್ಲವಂತೆ.

ಈ ಕಥೆಯ ಮೇಲೆ ನಮಗೆ ತಕರಾರಿದೆ. ಅದು ಭಕ್ತಿಯನ್ನು ಹೊಗಳುವಂತೆ ಕಾಣುತ್ತದೆ, ಆದರೆ ಚಿತ್ರದೊಳಗಿನ ದೈವಶಾಸ್ತ್ರವನ್ನು ಕಣ್ಣೀರಿನಲ್ಲಿ ತೊಳೆದುಹಾಕುತ್ತದೆ. ಆಂಜೆಲಿಕೊ ಮುಗ್ಧ ಭಾವುಕರಲ್ಲ. ಅವರು ಅಭಿಷಿಕ್ತ ಯಾಜಕರು, ಬೋಧಕರ ಸಭೆಗೆ ಸೇರಿದವರು; ಮುಂದೆ ಫ್ಲಾರೆನ್ಸಿನ ಮಹಾಧರ್ಮಾಧ್ಯಕ್ಷರೂ ಸಂತರೂ ಆದ ಅಂತೊನಿನ್ ಅವರೇ ಆಗ ಆ ಮಠದ ಅಧಿಪತಿಗಳು. ಪೀಟರ್ ಲೊಂಬಾರ್ಡನ ಗ್ರಂಥಕ್ಕೆ ಬರೆದ ಭಾಷ್ಯದಲ್ಲಿ ಸಂತ ಥಾಮಸ್ ಅಕ್ವಿನಾಸರು ಧರ್ಮಸಭೆಯಲ್ಲಿ ಚಿತ್ರಗಳಿರುವುದಕ್ಕೆ ಮೂರು ಕಾರಣಗಳನ್ನು ಕೊಡುತ್ತಾರೆ: ಓದುಬಾರದವರಿಗೆ ಬೋಧನೆ, ರಹಸ್ಯಗಳ ಸ್ಮರಣೆ, ಭಕ್ತಿಯ ಉದ್ದೀಪನ. ಸಾನ್ ಮಾರ್ಕೊದ ಕೋಣೆಗಳಲ್ಲಿದ್ದವರಲ್ಲಿ ಅನೇಕರು ಓದು ಬಲ್ಲವರು, ಬೋಧಿಸುವವರು. ಆದ್ದರಿಂದ ಇಲ್ಲಿನ ಚಿತ್ರಗಳ ಭಾರ ಮೊದಲನೆಯ ಕಾರಣದ ಮೇಲಿಲ್ಲ, ಉಳಿದೆರಡರ ಮೇಲಿದೆ. ಅವು ಕಥೆ ತಿಳಿಯದವನಿಗೆ ಕಥೆ ಹೇಳುವುದಿಲ್ಲ. ಕಥೆಯನ್ನು ಬಲ್ಲವನನ್ನು ಅದರ ಮುಂದೆ ಮೊಣಕಾಲೂರಿಸುತ್ತವೆ.

ಏಳನೆಯ ಕೋಣೆಯ ಚಿತ್ರವನ್ನು ನೋಡಿರಿ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡ ಕ್ರಿಸ್ತರು ಕುಳಿತಿದ್ದಾರೆ. ಅವರ ಸುತ್ತ, ದೇಹವೇ ಇಲ್ಲದ ಕೈಗಳು ಹೊಡೆಯುತ್ತಿವೆ. ಮುಂಡವಿಲ್ಲದ ಒಂದು ತಲೆ ಉಗುಳುತ್ತಿದೆ. ಕೆಳಗೆ ಮೆಟ್ಟಿಲಿನ ಮೇಲೆ ದೇವಮಾತೆ ಮತ್ತು ಸಂತ ದೊಮಿನಿಕ್ ಕುಳಿತಿದ್ದಾರೆ, ಆದರೆ ಇಬ್ಬರೂ ಆ ದೃಶ್ಯವನ್ನು ನೋಡುತ್ತಿಲ್ಲ. ಮಾತೆ ಕೆನ್ನೆಗೆ ಕೈಯಿಟ್ಟಿದ್ದಾರೆ. ದೊಮಿನಿಕ್ ತೊಡೆಯ ಮೇಲಿನ ಪುಸ್ತಕದಲ್ಲಿ ಕಣ್ಣು ನೆಟ್ಟಿದ್ದಾರೆ. ನಮ್ಮ ಮಾರ್ಗದರ್ಶಿ ಇಲ್ಲಿ ಇಪ್ಪತ್ತನೆಯ ಶತಮಾನದ ನವ್ಯ ಕಲೆಯನ್ನು ನೆನೆದು, ಎಷ್ಟು ಆಧುನಿಕವಾಗಿದೆ ನೋಡಿ ಎಂದು ಮುಂದಿನ ಕೋಣೆಗೆ ನಡೆದರು. ಅಲ್ಲಿಗೆ ಚಿತ್ರವು ಒಂದು ವಿಚಿತ್ರ ವಸ್ತುವಾಯಿತು. ನಿಜವಾಗಿ ಅದು ದೊಮಿನಿಕ್ ಓದುತ್ತಿರುವ ಪುಟ. ಮೇಲಿನ ಕೈಗಳು ಒಂದು ಘಟನೆಯ ವರದಿಯಲ್ಲ, ಓದುವವನ ಮನಸ್ಸಿನಲ್ಲಿ ಶುಭಸಂದೇಶದ ವಾಕ್ಯ ಒಂದೊಂದಾಗಿ ಏಳುವ ಬಗೆ: ಹೊಡೆತ, ಉಗುಳು, ಬೆತ್ತ. ಕೈಗಳಿಗೆ ಮುಖವಿಲ್ಲದಿರುವುದರಿಂದ, ಅವು ಯಾರ ಕೈಗಳು ಎಂಬ ಪ್ರಶ್ನೆ ಕೋಣೆಯಲ್ಲಿ ಮಲಗುವವನಿಗೇ ಉಳಿಯುತ್ತದೆ.

ಮೂರನೆಯ ಕೋಣೆಯಲ್ಲಿ ಮಂಗಳವಾರ್ತೆಯ ದೃಶ್ಯವಿದೆ. ಕಿಟಕಿಯಿರುವ ಗೋಡೆಯಲ್ಲಿಯೇ, ಅದರ ಪಕ್ಕದಲ್ಲಿ ಚಿತ್ರವಿರುವುದರಿಂದ ಅದು ಎರಡನೆಯ ಕಿಟಕಿಯಂತೆ ತೋರುತ್ತದೆ. ಚಿತ್ರದೊಳಗಿನ ಬರಿದಾದ ಕಮಾನಿನ ಕೋಣೆಗೂ ಸಂನ್ಯಾಸಿಯ ಕೋಣೆಗೂ ವ್ಯತ್ಯಾಸ ಅತ್ಯಲ್ಪ. ಗಬ್ರಿಯೇಲ ದೂತ, ಮೊಣಕಾಲೂರಿದ ಕನ್ಯೆ, ಮತ್ತು ಹೊರಗೆ ನಿಂತು ಕೈಮುಗಿದಿರುವ, ತಲೆಗೆ ಗಾಯವಾದ ದೊಮಿನಿಕನ್ ರಕ್ತಸಾಕ್ಷಿ ಸಂತ ಪೀಟರ್. ಮೆಟ್ಟಿಲ ತುದಿಯಲ್ಲಿರುವ, ಎಲ್ಲರಿಗೂ ಪರಿಚಿತವಾದ ಇನ್ನೊಂದು ಮಂಗಳವಾರ್ತೆಯ ಚಿತ್ರದ ಕೆಳಗೆ ಲತೀನ್ ಬರಹವೊಂದಿದೆ. ಈ ಕನ್ಯೆಯ ಮುಂದೆ ಹಾದುಹೋಗುವವನು ನಮೋ ಮರಿಯ ಹೇಳದೆ ಹೋಗಬಾರದು ಎಂಬುದು ಅದರ ಆಶಯ. ಮಾರ್ಗದರ್ಶಿಗಳು ಆ ಬರಹವನ್ನು ಅನುವಾದಿಸಿ ಹೇಳುತ್ತಾರೆ. ಆದರೆ ಅನುವಾದ ಮುಗಿದ ಮೇಲೆ ಒಂದು ಕ್ಷಣವೂ ಮೌನವಿರುವುದಿಲ್ಲ. ಚಿತ್ರವು ಬೇಡಿದ ಪ್ರಾರ್ಥನೆ ಅಲ್ಲಿ ಒಂದು ಸ್ವಾರಸ್ಯಕರ ಮಾಹಿತಿಯಾಗಿ ಉಳಿಯುತ್ತದೆ.

ಕಿರಿಯ ದೀಕ್ಷಾರ್ಥಿಗಳ ಕೋಣೆಗಳನ್ನು ಬಹುತೇಕ ವೀಕ್ಷಕರು ಬೇಗ ದಾಟುತ್ತಾರೆ. ಅಲ್ಲೆಲ್ಲ ಒಂದೇ ವಿಷಯ: ಶಿಲುಬೆಯ ಬುಡದಲ್ಲಿ ಸಂತ ದೊಮಿನಿಕ್. ಬೇಸರ ತರಿಸುವ ಪುನರಾವರ್ತನೆ ಎಂದು ತೋರುವುದು ಸಹಜ. ವಿಲಿಯಂ ಹುಡ್ ಎಂಬ ಕಲಾ ಇತಿಹಾಸಕಾರರು 1993ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ಗುಟ್ಟನ್ನು ಬಿಡಿಸಿದ್ದಾರೆ. ದೊಮಿನಿಕರು ಪ್ರಾರ್ಥಿಸುತ್ತಿದ್ದ ಒಂಬತ್ತು ವಿಧಾನಗಳನ್ನು ವಿವರಿಸುವ ಒಂದು ಹಳೆಯ ಕಿರುಹೊತ್ತಗೆ ಆ ಸಭೆಯಲ್ಲಿ ಬಳಕೆಯಲ್ಲಿತ್ತು. ಬಾಗುವುದು, ತೋಳು ಚಾಚುವುದು, ಮೈಯನ್ನು ದಂಡಿಸುವುದು ಮುಂತಾದ ಭಂಗಿಗಳೇ ಕೋಣೆಯಿಂದ ಕೋಣೆಗೆ ಬದಲಾಗುತ್ತವೆ. ಅಂದರೆ ದೀಕ್ಷಾರ್ಥಿಯು ದೇಹದಿಂದ ಪ್ರಾರ್ಥಿಸುವುದನ್ನು ಗೋಡೆಯನ್ನು ನೋಡಿ ಕಲಿಯುತ್ತಿದ್ದನು. ಯಾಜಕಾಭ್ಯರ್ಥಿಗಳನ್ನು ಕರೆದೊಯ್ಯುವವರು ಮೊದಲು ನಿಲ್ಲಬೇಕಾದುದು ಇಲ್ಲಿ ಎಂದು ನಮ್ಮ ಅಭಿಪ್ರಾಯ.

ಓಣಿಯ ಇನ್ನೊಂದು ತುದಿಯಲ್ಲಿ 38 ಮತ್ತು 39ನೆಯ ಕೋಣೆಗಳು ಒಂದಕ್ಕೊಂದು ಹೊಂದಿಕೊಂಡಿವೆ. ಅವು ಕೊಸಿಮೊ ತನಗೆಂದು ಇಟ್ಟುಕೊಂಡವು. ಉಳಿದವರಿಗೆ ಶಿಲುಬೆಯಾದರೆ ಅವನಿಗೆ ಮೂವರು ಜ್ಞಾನಿಗಳ ಆರಾಧನೆ. ಕಾಣಿಕೆ ತಂದ ಸಿರಿವಂತರ ಕಥೆ. ಕೆಳಗೆ ಮಠಸಭಾಂಗಣದ ಬೃಹತ್ ಶಿಲುಬೆಯ ಚಿತ್ರದಲ್ಲಿಯೂ ಮೆದಿಚಿ ಮನೆತನದ ಪಾಲಕ ಸಂತರಾದ ಕೊಸ್ಮಸ್ ಮತ್ತು ದಮಿಯನ್ ನಿಂತಿದ್ದಾರೆ. ನಮ್ಮ ಅತ್ತೂರಿಗೆ ಜಾತಿಮತವೆನ್ನದೆ ಜನರನ್ನು ಸೆಳೆಯುವ ಸಂತ ಲಾರೆನ್ಸರೂ ಅಲ್ಲಿದ್ದಾರೆ. ಕೊಸಿಮೊನ ಸಹೋದರನ ಹೆಸರು ಲೊರೆಂಜೊ. ಬಡವರನ್ನೇ ಧರ್ಮಸಭೆಯ ಸಂಪತ್ತೆಂದು ತೋರಿಸಿದರೆಂದು ಪರಂಪರೆ ಕೊಂಡಾಡುವ ಆ ಸಂತರು ಬ್ಯಾಂಕಿನ ಮನೆತನದ ಪರವಾಗಿ ನಿಲ್ಲಬೇಕಾಗಿ ಬಂದುದು ಇತಿಹಾಸದ ವ್ಯಂಗ್ಯ. ಮಠದ ಮೌನವನ್ನು ಹಣ ತೆತ್ತು ಪಡೆದ ಮೊದಲಿಗ ಕೊಸಿಮೊ. ಇಂದಿನ ಖಾಸಗಿ ವೀಕ್ಷಣೆಯು ಮಾರುವುದೂ ಅದನ್ನೇ: ಗದ್ದಲವಿಲ್ಲದ ಒಂದು ಗಂಟೆ. ಸಂನ್ಯಾಸಿಗೆ ವ್ರತವಾಗಿದ್ದುದು ಈಗ ಸೌಲಭ್ಯವಾಗಿದೆ.

ಹಾಗೆಂದು, ವಸ್ತುಸಂಗ್ರಹಾಲಯವು ಪವಿತ್ರ ಕಲೆಯನ್ನು ಕೊಂದಿತು ಎನ್ನುವ ಧಾರ್ಮಿಕ ಗೊಣಗಾಟವನ್ನು ನಾವು ಒಪ್ಪುವುದಿಲ್ಲ. 1866ರಲ್ಲಿ ಇಟಲಿಯ ಸರಕಾರ ಮಠಗಳನ್ನು ಮುಚ್ಚಿ ಆಸ್ತಿಯನ್ನು ವಶಪಡಿಸಿಕೊಂಡುದು ಅನ್ಯಾಯವೇ. ಆದರೂ ಗೋಡೆಗಳು ಉಳಿದವು. ಅದೇ ದೇವಾಲಯದ ಪ್ರಧಾನಪೀಠಕ್ಕೆ ಆಂಜೆಲಿಕೊ ಬರೆದ ಚಿತ್ರಫಲಕದ ತಳಭಾಗದ ತುಂಡುಗಳು ಮ್ಯೂನಿಕ್, ಡಬ್ಲಿನ್, ಪ್ಯಾರಿಸ್, ವಾಷಿಂಗ್ಟನ್‌ಗಳಿಗೆ ಚದುರಿಹೋಗಿರುವುದನ್ನು ನೆನೆದರೆ ಇದು ಸಣ್ಣ ಮಾತಲ್ಲ. ಇನ್ನೂ ಒಂದು ಸಂಗತಿಯಿದೆ. ಮಠದ ಒಳಾವರಣಕ್ಕೆ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ಕನ್ಯಾ ಮರಿಯಮ್ಮನವರ ಸಮ್ಮತಿಯನ್ನು ಅಷ್ಟು ಆಳವಾಗಿ ಚಿತ್ರಿಸಿದ ಆ ಮೂರನೆಯ ಕೋಣೆಯೊಳಗೆ ಯಾವ ತಾಯಿಯೂ ಕಾಲಿಡುವಂತಿರಲಿಲ್ಲ. ಇಂದು ಟಿಕೆಟು ಕೊಂಡ ಯಾವ ಸ್ತ್ರೀಯಾದರೂ ಅಲ್ಲಿ ನಿಲ್ಲಬಲ್ಲಳು. ಬಾಗಿಲನ್ನು ತೆರೆದದ್ದು ನಾವಲ್ಲ ಎಂಬುದು ನಮ್ಮನ್ನು ಕೊಂಚ ನಾಚಿಸಬೇಕು. ಕೊರತೆಯಿರುವುದು ಬಾಗಿಲಲ್ಲಲ್ಲ, ಒಳಗಿನ ಮಾತಿನಲ್ಲಿ. ಆ ಮಾತನ್ನಾಡಬೇಕಾದವರು ನಾವು.

ಈಗ ಮಂಗಳೂರಿಗೆ ಬರೋಣ. ಬೆರ್ಗಮೊ ಬಳಿಯ ಸ್ತೆತ್ಸಾನೊ ಎಂಬ ಊರಿನ ಬ್ರದರ್ ಅಂತೋನಿಯೊ ಮೊಸ್ಕೇನಿಯವರು 1899ರಿಂದ 1901ರವರೆಗೆ ಅಲೋಶಿಯಸ್ ಚಾಪೆಲಿನ ಗೋಡೆಗಳ ಮೇಲೆ ಭಿತ್ತಿಚಿತ್ರಗಳನ್ನೂ ಛಾವಣಿಗೆ ಕ್ಯಾನ್ವಾಸಿನ ಚಿತ್ರಗಳನ್ನೂ ರಚಿಸಿದರು. ಅವರು ಯಾಜಕರಲ್ಲ, ಯೇಸುಸಭೆಯ ಸಹೋದರರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಈ ಚಾಪೆಲನ್ನು ರೋಮಿನ ಸಿಸ್ಟೈನ್ ಚಾಪೆಲಿಗೆ ಹೋಲಿಸುವುದು ವಾಡಿಕೆಯಾಗಿಬಿಟ್ಟಿದೆ. ಹೋಲಿಕೆ ಹೊಗಳಿಕೆಯಂತಿದ್ದರೂ ದಾರಿತಪ್ಪಿಸುತ್ತದೆ. ಸಿಸ್ಟೈನ್ ಜಗದ್ಗುರುಗಳ ಚಾಪೆಲ್. ಇದು 1880ರಲ್ಲಿ ಆರಂಭವಾದ ಕಾಲೇಜೊಂದರ ಹುಡುಗರ ಚಾಪೆಲ್. ತಲೆಯೆತ್ತಿದ ಹುಡುಗನಿಗೆ ಛಾವಣಿಯಲ್ಲಿ ಕಾಣುವುದು, ಆಸ್ತಿಯ ಹಕ್ಕನ್ನು ತೊರೆದು ಸಂನ್ಯಾಸಿಯಾಗಿ, 1591ರಲ್ಲಿ ರೋಮಿನ ಪ್ಲೇಗ್ ರೋಗಿಗಳ ಸೇವೆಯಿಂದ ಸೋಂಕು ತಗಲಿ ಇಪ್ಪತ್ತಮೂರರ ಪ್ರಾಯದಲ್ಲಿ ಪ್ರಾಣಬಿಟ್ಟ ಅಲೋಶಿಯಸ್ ಗೊನ್ಜಾಗರ ಜೀವನ. ಪರೀಕ್ಷೆ ಬರೆದು ಉದ್ಯೋಗ ಹಿಡಿಯಲು ಹೊರಟ ಹುಡುಗನ ಮೇಲೆ ಆ ಛಾವಣಿ ಒಂದು ಪ್ರಶ್ನೆಯನ್ನು ತೂಗುಹಾಕಿದೆ. ಉದ್ದೇಶದಲ್ಲಿ ಇದರ ಬಂಧು ಸಿಸ್ಟೈನ್ ಅಲ್ಲ, ಸಾನ್ ಮಾರ್ಕೊದ ದೀಕ್ಷಾರ್ಥಿಗಳ ಕೋಣೆ. ಕಲೆಯ ದೃಷ್ಟಿಯಿಂದ ಮೊಸ್ಕೇನಿ ಆಂಜೆಲಿಕೊ ಅಲ್ಲ; ಅವರ ಚಿತ್ರಗಳು ಹೆಚ್ಚು ಮಾತಾಡುತ್ತವೆ, ಬಣ್ಣ ತುಂಬಿ ತುಳುಕುತ್ತದೆ. ಸುಮ್ಮನಿರಬಲ್ಲ ಗೋಡೆ ಅಲ್ಲಿ ಸಿಗುವುದು ಅಪರೂಪ. ಆದರೆ ನೂರಾರು ಹುಡುಗರು ಒಟ್ಟಿಗೆ ಕುಳಿತು ನೋಡುವ ಚಿತ್ರ ಪಿಸುಮಾತಿನಲ್ಲಿ ಹೇಳಲಾಗದು ಎಂಬುದನ್ನೂ ಒಪ್ಪಬೇಕು.

ದ್ವಿತೀಯ ವ್ಯಾಟಿಕನ್ ಮಹಾಸಭೆಯ ಪವಿತ್ರ ಆರಾಧನಾವಿಧಿಯ ಸಂವಿಧಾನವು, ತನ್ನ 129ನೆಯ ಪರಿಚ್ಛೇದದಲ್ಲಿ, ಯಾಜಕಾಭ್ಯರ್ಥಿಗಳಿಗೆ ತತ್ವಶಾಸ್ತ್ರ ಮತ್ತು ದೈವಶಾಸ್ತ್ರ ವ್ಯಾಸಂಗದ ಅವಧಿಯಲ್ಲಿಯೇ ಪವಿತ್ರ ಕಲೆಯ ಇತಿಹಾಸವನ್ನೂ ತತ್ವಗಳನ್ನೂ ಕಲಿಸಬೇಕೆಂದು ಆದೇಶಿಸುತ್ತದೆ. ಆದೇಶಕ್ಕೆ 1963ರಿಂದ ವಯಸ್ಸಾಗುತ್ತಿದೆ. ನಮ್ಮ ಪಠ್ಯಕ್ರಮದಲ್ಲಿ ಅದಕ್ಕೆ ದೊರೆಯುವ ಗಂಟೆಗಳನ್ನು ಬೆರಳಲ್ಲೇ ಎಣಿಸಬಹುದು. ಫಲ ಕಣ್ಣೆದುರಿಗಿದೆ: ಕೆತ್ತನೆಯ ಮರದ ಪೀಠವನ್ನು ಕಿತ್ತು ಗ್ರಾನೈಟ್ ಹಾಸುವ ನಿರ್ಧಾರವನ್ನು ಒಬ್ಬ ಧರ್ಮಗುರು ಒಂದೇ ಸಭೆಯಲ್ಲಿ ಮಾಡಿ ಮುಗಿಸಬಲ್ಲ, ಏಕೆಂದರೆ ಆ ಪೀಠ ಏನು ಹೇಳುತ್ತಿತ್ತೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

ಮಾರ್ಗದರ್ಶಿಯನ್ನು ದೂರುವುದು ಸುಲಭ. ಅವರು ತಮಗೆ ಕಲಿಸಿದ್ದನ್ನು ಹೇಳುತ್ತಾರೆ. ಅಲೋಶಿಯಸ್ ಚಾಪೆಲಿಗೆ ನಮ್ಮ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಅಧ್ಯಾಪಕರು ಒಂದು ಪ್ರಯೋಗ ಮಾಡಬಹುದು. ಎಲ್ಲ ಚಿತ್ರಗಳನ್ನೂ ತೋರಿಸುವುದು ಬೇಡ. ಒಬ್ಬೊಬ್ಬರಿಗೆ ಒಂದೊಂದು ಚಿತ್ರವನ್ನು ವಹಿಸಿ, ಅರ್ಧ ಗಂಟೆ ಅದರ ಕೆಳಗೆ ಕೂರಿಸಿ, ಆಮೇಲೆ ಆ ದಿನ ಬಂದ ಅಪರಿಚಿತ ಪ್ರವಾಸಿಯೊಬ್ಬರಿಗೆ ಅವನೇ ಅದನ್ನು ಕನ್ನಡದಲ್ಲಿ ವಿವರಿಸಲಿ. ಕೇಳುವವರು ಕ್ರೈಸ್ತರಾಗಿರದಿದ್ದರೆ ಇನ್ನೂ ಒಳ್ಳೆಯದು. ವರ್ಷ ಮತ್ತು ತಂತ್ರವನ್ನು ಎರಡು ವಾಕ್ಯಗಳಲ್ಲಿ ಮುಗಿಸಿದ ಮೇಲೆ, ಪ್ಲೇಗ್ ರೋಗಿಯ ಬಳಿಗೆ ಆ ಯುವಕ ಏಕೆ ಹೋದ ಎಂದು ಅವರು ಕೇಳಿಯೇ ಕೇಳುತ್ತಾರೆ.