ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಿದೆ

ನಮ್ಮ ಸಾರಿಗೆ ಸಂಸ್ಥೆಗಳ ಪ್ರಕಟಣೆಗೆ ಒಂದು ಅಚ್ಚಿದೆ. ಸಕ್ಕರೆ ಅಚ್ಚಿನ ಹಾಗೆ, ಯಾವ ಪಾಕ ಹುಯ್ದರೂ ಹೊರಬರುವ ಗೊಂಬೆ ಅದೇ. 'ಸಾರ್ವಜನಿಕ ಪ್ರಯಾಣಿಕರ ಅನುಕೂಲಕ್ಕಾಗಿ ಈ ಕೆಳಕಂಡ ಮಾರ್ಗದಲ್ಲಿ ಹೆಚ್ಚುವರಿ ಸಾರಿಗೆಗಳನ್ನು ನೂತನವಾಗಿ ಪರಿಚಯಿಸಲಾಗುತ್ತಿದ್ದು, ಸಾರ್ವಜನಿಕ ಪ್ರಯಾಣಿಕರು ಇದರ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಿದೆ.' ಕೆಳಗೊಂದು ಕೋಷ್ಟಕ: ಮಾರ್ಗ ಸಂಖ್ಯೆ, ಎಲ್ಲಿಂದ, ಎಲ್ಲಿಗೆ, ಅನುಸೂಚಿಗಳ ಸಂಖ್ಯೆ, ಸುತ್ತುವಳಿಗಳ ಸಂಖ್ಯೆ. ಮರುದಿನ ಪತ್ರಿಕೆಯ ಒಳಪುಟದಲ್ಲಿ ಇದೇ ಒಂದೂವರೆ ಅಂಗುಲದ ಸುದ್ದಿಯಾಗುತ್ತದೆ.

ಸಾಹಿತ್ಯ ವಿಮರ್ಶಕರು ಕವಿತೆಯನ್ನು ಓದುವ ಹಾಗೆ ಇದನ್ನು ಒಮ್ಮೆ ಓದಿ ನೋಡೋಣ ಅನ್ನಿಸಿತು. ಲಕ್ಷಾಂತರ ಜನರ ದಿನಚರಿ ಬದಲಿಸುವ ಬರವಣಿಗೆ ಇದು. ಅಷ್ಟು ಓದುಗರು ಯಾವ ಕಾದಂಬರಿಕಾರನಿಗೆ ಸಿಕ್ಕಾರು?

ಮೊದಲಿಗೆ 'ಸಾರ್ವಜನಿಕ ಪ್ರಯಾಣಿಕರು'. ಹಾಗಾದರೆ ಖಾಸಗಿ ಪ್ರಯಾಣಿಕರು ಯಾರು? ಆಮೇಲೆ 'ಸಾರಿಗೆ'. ಸ್ಟಾಪಿನಲ್ಲಿ ನಿಂತವರು ಯಾರೂ 'ಅಗೋ ಸಾರಿಗೆ ಬಂತು' ಅನ್ನುವುದಿಲ್ಲ. ಬಸ್ಸು ಅನ್ನುತ್ತಾರೆ. ಬೆಂಗಳೂರಿನ ಹಳಬರು ಬಿಟಿಎಸ್ ಅನ್ನುತ್ತಾರೆ. ಬಿಟಿಎಸ್ ಹೋಗಿ ಬಿಎಂಟಿಸಿ ಆದದ್ದು 1997ರಲ್ಲಿ, ಅವರ ನಾಲಗೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. 'ಪರಿಚಯಿಸಲಾಗುತ್ತಿದೆ' ಎಂಬಲ್ಲಿ ಬಸ್ಸು ಮದುವೆಮನೆಗೆ ಬಂದ ದೂರದ ನೆಂಟನಂತೆ ನಿಂತಿದೆ. ಕೊನೆಯ 'ಸದುಪಯೋಗ'ವಂತೂ ಒಂದು ಮುಗುಳ್ನಗೆಯ ಎಚ್ಚರಿಕೆ. ಬಸ್ಸು ಬಿಟ್ಟಿದ್ದೇವೆ, ಹತ್ತದಿದ್ದರೆ ತಪ್ಪು ನಿಮ್ಮದು.

ಪದಗಳ ತಮಾಷೆ ಇಷ್ಟಕ್ಕೆ ಸಾಕು. ನಿಜವಾದ ತೊಡಕು ಆ ಕೋಷ್ಟಕದಲ್ಲಿದೆ. ಅನುಸೂಚಿ ಅಂದರೆ ಒಂದು ಬಸ್ಸಿನ ಒಂದು ದಿನದ ಕೆಲಸ. ಸುತ್ತುವಳಿ ಅಂದರೆ ಅದು ಒಂದು ದಿಕ್ಕಿನಲ್ಲಿ ಹೋಗುವ ಒಂದು ಟ್ರಿಪ್ಪು. ಇವೆರಡೂ ಡಿಪೋ ಮ್ಯಾನೇಜರನ ಅಳತೆಗಳು. '32 ಸುತ್ತುವಳಿ' ಎಂದು ಓದಿದಾಗ ಭಾರೀ ಅನುಕೂಲವಾಯಿತು ಅನ್ನಿಸುತ್ತದೆ. ಲೆಕ್ಕ ಹಾಕಿ: ಹೋಗುವವು 16, ಬರುವವು 16. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ 16 ತಾಸು. ತಾಸಿಗೊಂದು ಬಸ್ಸು! ಒಂದು ತಪ್ಪಿದರೆ ಇನ್ನೊಂದು ತಾಸು ನಿಲ್ಲಬೇಕು. ಪ್ರಯಾಣಿಕನಿಗೆ ಬೇಕಾದ ಒಂದೇ ಅಂಕಿ ಅದು, ಎಷ್ಟು ಹೊತ್ತಿಗೊಂದು ಬಸ್ಸು ಎನ್ನುವುದು. ಅದನ್ನು ಅವನೇ ಭಾಗಾಕಾರ ಮಾಡಿ ಕಂಡುಕೊಳ್ಳಬೇಕು. ಇನ್ನೊಂದು ಸಂಗತಿಯನ್ನು ಭಾಗಾಕಾರದಿಂದಲೂ ಕಾಣಲಾಗದು: ಈ ಹೊಸ ಬಸ್ಸುಗಳನ್ನು ಯಾವ ಹಳೆಯ ಮಾರ್ಗದಿಂದ ತೆಗೆದು ಇಲ್ಲಿಗೆ ಹಾಕಿದರು? 'ಪರಿಚಯಿಸಲಾಗಿದೆ' ಎಂಬ ಪ್ರಕಟಣೆಗಳ ರಾಶಿಯೇ ನನ್ನ ಬಳಿ ಇದೆ. 'ನಿಲ್ಲಿಸಲಾಗಿದೆ' ಎಂಬುದು ಕೈಬೆರಳೆಣಿಕೆಯಷ್ಟೂ ಇಲ್ಲ.

ಒಂದು ಮಧ್ಯಾಹ್ನದ ಮಾತು ಹೇಳಬೇಕು. ಊರು ಯಾವುದು, ಸಂಸ್ಥೆ ಯಾವುದು ಎನ್ನುವುದು ಬೇಡ. ಸ್ಟಾಪಿನ ಕಂಬಕ್ಕೆ ಒಂದು ಎ4 ಹಾಳೆ ಅಂಟಿಸಿದ್ದರು. ಮೇಲಿನ ಪ್ಲಾಸ್ಟಿಕ್ ಹೊದಿಕೆಯ ಒಳಗೆ ಮಳೆನೀರು ಇಳಿದು, ಮೊಹರಿನ ನೇರಳೆ ಶಾಯಿ ಕೆಳಗಿನ ಎರಡು ಸಾಲುಗಳ ಮೇಲೆ ಹರಡಿತ್ತು. 'ದಿನಾಂಕ 15ರಿಂದ ಮಾರ್ಗ ಬದಲಾವಣೆ' ಎನ್ನುವುದು ಓದಲು ಬರುತ್ತಿತ್ತು. ಯಾವ ತಿಂಗಳ 15? ಅದನ್ನು ಬರೆದೇ ಇರಲಿಲ್ಲ. ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸನ್ನು ಕೇಳಿದೆ. 'ಅದು ಹೋದ ವರ್ಷದ್ದು ಸಾಮಿ, ಬಸ್ಸು ಆಮ್ಯಾಕೆ ಮತ್ತೆ ಇಲ್ಲೇ ಬತ್ತಾದೆ' ಅಂದಳು. ಐದು ನಿಮಿಷಕ್ಕೆ ಬಸ್ಸು ಬಂತು. ಅವಳು ಹೇಳಿದ್ದು ಸರಿಯಾಗಿತ್ತು.

ನಮ್ಮಲ್ಲಿ ಬಸ್ ಮಾಹಿತಿ ಹರಿಯುವುದು ಹೀಗೆಯೇ. ಹೂವಿನವಳು, ಪೆಟ್ಟಿಗೆ ಅಂಗಡಿಯವನು, ಆಟೋ ಸ್ಟ್ಯಾಂಡಿನವರು, ಎಲ್ಲರಿಗಿಂತ ಮೇಲೆ ಕಂಡಕ್ಟರ್. ಬಾಗಿಲ ಮೆಟ್ಟಿಲ ಮೇಲೆ ಅರ್ಧ ದೇಹ ಹೊರಗೆ ಚಾಚಿ 'ಮಾರ್ಕೆಟ್ ಮಾರ್ಕೆಟ್, ಟೌನ್‌ಹಾಲ್ ಮಾರ್ಕೆಟ್' ಎಂದು ಕೂಗುವ ಆ ದನಿ ಯಾವ ಪ್ರಕಟಣೆಗಿಂತಲೂ ನಿಖರ. ಎಲ್ಲಿಗೆ, ಯಾವ ದಾರಿಯಲ್ಲಿ, ಈಗಲೇ ಎಂಬ ಮೂರಕ್ಕೂ ಅದರಲ್ಲಿ ಉತ್ತರವಿದೆ. ಹೊಸ ಮಾರ್ಗ ಬಿಡುವಾಗ ಪತ್ರಕರ್ತರಿಗೆ ಕೊಡುವ ವಿವರಣೆಯ ಕಾಲು ಭಾಗವನ್ನು ಕಂಡಕ್ಟರಿಗೆ ಕೊಟ್ಟರೂ ಸಾಕಿತ್ತು.

ಬೆಂಗಳೂರಿನ ಮಾರ್ಗ ಸಂಖ್ಯೆಗಳಿಗೆ ಮಾತ್ರ ನಾನು ಪೂರ್ತಿ ಅಂಕ ಕೊಡುತ್ತೇನೆ. ಬಿಹಾರದಿಂದ ಬಂದ ಹುಡುಗನಿಗೆ ಕನ್ನಡ ಓದಲು ಬರುವುದಿಲ್ಲ, ಕೋಲಾರದಿಂದ ಬಂದ ಅಜ್ಜಿಗೆ ಯಾವ ಲಿಪಿಯೂ ಬರುವುದಿಲ್ಲ. 335ಇ ಇಬ್ಬರಿಗೂ ಗೊತ್ತು. 500 ಅಂದರೆ ರಿಂಗ್ ರೋಡಿನ ಬಸ್ಸು, 500ಡಿ ಅಂದರೆ ಹೆಬ್ಬಾಳ–ಸಿಲ್ಕ್ ಬೋರ್ಡ್, ಕೆಐಎ ಅಂದರೆ ಏರ್‌ಪೋರ್ಟು. ಯಾವ ಜಾಹೀರಾತು ಸಂಸ್ಥೆಯೂ ಇದನ್ನು ಕಟ್ಟಿಕೊಡಲಿಲ್ಲ, ವರ್ಷಗಟ್ಟಲೆ ಬಸ್ಸಿನ ಹಣೆಯ ಮೇಲೆ ನೋಡಿ ನೋಡಿ ಊರಿಗೆ ಬಾಯಿಪಾಠವಾಯಿತು. 2009ರ ಸುಮಾರಿಗೆ ಬಂದ 'ಬಿಗ್ 10' ಈ ಅಭ್ಯಾಸವನ್ನು ಜಾಣತನದಿಂದ ಬಳಸಿಕೊಂಡಿತು. ಊರಿನಿಂದ ಹೊರಡುವ ಹತ್ತು ದೊಡ್ಡ ರಸ್ತೆಗಳು, ಒಂದೊಂದರಲ್ಲೂ ಅಡ್ಡಾಡದೆ ನೇರ ಹೋಗುವ ಬಸ್ಸು, ಸಂಖ್ಯೆಯ ಮುಂದೊಂದು ಜಿ. ಒಂದೇ ವಾಕ್ಯದಲ್ಲಿ ಪಕ್ಕದ ಸೀಟಿನವರಿಗೆ ಹೇಳಿ ಮುಗಿಸಬಹುದಾದ ಯೋಜನೆ. ಬಸ್ ಸುಧಾರಣೆ ಜನರಿಗೆ ಅರ್ಥವಾಗಲಿಲ್ಲ ಎಂದು ಅಧಿಕಾರಿಗಳು ಗೊಣಗುವಾಗೆಲ್ಲ ನನಗೆ ಇದು ನೆನಪಾಗುತ್ತದೆ. ಬಹಳ ಸಲ ತೊಂದರೆ ವಿವರಣೆಯದ್ದಾಗಿರುವುದಿಲ್ಲ, ವಿವರಿಸಬೇಕಾದ ಮಾರ್ಗವೇ ಗೋಜಲಾಗಿರುತ್ತದೆ.

ಬಣ್ಣದ ವಿಷಯದಲ್ಲಿ ಆ ಜಾಣತನ ಕಾಣುವುದಿಲ್ಲ. ದಕ್ಷಿಣ ಕೊರಿಯಾದ ಸೋಲ್ ನಗರದವರು 2004ರ ಜುಲೈ 1ರಂದು ಇಡೀ ಬಸ್ ಜಾಲವನ್ನು ಒಂದೇ ದಿನ ಬದಲಿಸಿದರು. ದೂರದ ಮುಖ್ಯ ಮಾರ್ಗಕ್ಕೆ ನೀಲಿ, ಒಳಬಡಾವಣೆಗೆ ಹಸಿರು, ಹೊರವಲಯಕ್ಕೆ ಕೆಂಪು, ವೃತ್ತಮಾರ್ಗಕ್ಕೆ ಹಳದಿ. ಮೊದಲ ದಿನಗಳಲ್ಲಿ ಗೊಂದಲವೋ ಗೊಂದಲ, ಮೇಯರ್ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಆದರೆ ಬಣ್ಣಕ್ಕೆ ಅರ್ಥವಿತ್ತು, ಅದು ಉಳಿಯಿತು. ನಮ್ಮಲ್ಲಿ ನೀಲಿ-ಬಿಳಿ, ಹಸಿರು, ಕಂದು ಪುಷ್ಪಕ, ಕೆಂಪು ವಜ್ರ ಎಂದು ಕಾಮನಬಿಲ್ಲೇ ಓಡಾಡಿದೆ. ಅದು ತಿಳಿಸಿದ್ದು ಒಳಗೆ ಎ.ಸಿ. ಇದೆಯೇ, ಬಸ್ಸು ಯಾವ ಯೋಜನೆಯ ದುಡ್ಡಿನಲ್ಲಿ ಬಂತು ಎಂಬುದನ್ನು. ಎಲ್ಲಿಗೆ ಹೋಗುತ್ತದೆ ಎಂಬುದನ್ನು ಯಾವ ಬಣ್ಣವೂ ಹೇಳಲಿಲ್ಲ.

ಬೆಂಗಳೂರಿನಲ್ಲಿ 2010ರ ಫೆಬ್ರುವರಿಯಲ್ಲಿ ಶುರುವಾದ 'ಬಸ್ ದಿನ'ದ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಪ್ರತಿ ತಿಂಗಳ 4ನೇ ತಾರೀಖು ಕಾರು ಬಿಟ್ಟು ಬಸ್ಸು ಹತ್ತಿ ಎಂಬ ಕರೆ. ಉದ್ದೇಶ ಒಳ್ಳೆಯದೇ. ಆದರೆ ಆ ಕರೆ ಕಾರಿನವರನ್ನು ಉದ್ದೇಶಿಸಿದ್ದು. ತಿಂಗಳಿನ ಉಳಿದ ದಿನಗಳೂ ಬಸ್ಸಿನಲ್ಲೇ ಜೋತಾಡುವವರ ಜೊತೆ ಆ ಅಭಿಯಾನ ಒಂದು ಮಾತೂ ಆಡಲಿಲ್ಲ.

2019ರ ಬಸ್ ಆದ್ಯತಾ ಪಥ ಅದಕ್ಕಿಂತ ಎಷ್ಟೋ ಗಟ್ಟಿಯಾದ ಪ್ರಯತ್ನ. ಸಿಲ್ಕ್ ಬೋರ್ಡಿನಿಂದ ಹೊರವರ್ತುಲ ರಸ್ತೆಗುಂಟ ಟಿನ್ ಫ್ಯಾಕ್ಟರಿ ಕಡೆಗೆ, ಗೂಟ ನೆಟ್ಟು, ರಸ್ತೆಯ ಮೇಲೆ ಬರೆದು, ಬಸ್ಸಿಗೆಂದೇ ಒಂದು ಸಾಲು ಬಿಡಿಸಿದರು. 'ನಿಂಬಸ್' ಎಂದು ಹೆಸರಿಟ್ಟರು. ಹೆಸರು ಅಷ್ಟು ನಾಟಲಿಲ್ಲ. ಆದರೆ ಅಲ್ಲಿ ಹೆಸರು ಬೇಕಾಗಿರಲೇ ಇಲ್ಲ. ನಿಂತ ಕಾರುಗಳ ಪಕ್ಕದಲ್ಲಿ ಸರ್ರನೆ ಸಾಗಿಹೋಗುವ ಬಸ್ಸನ್ನು ಕಾರಿನೊಳಗೆ ಕೂತವನು ಕಣ್ಣಾರೆ ನೋಡಿದ. ಅದಕ್ಕಿಂತ ಪರಿಣಾಮದ ಜಾಹೀರಾತು ಇನ್ನೇನಿದೆ? ಆಮೇಲೆ ಕೋವಿಡ್ ಬಂತು, ಮೆಟ್ರೊ ಕಾಮಗಾರಿ ಬಂತು, ಪಥ ತುಂಡುತುಂಡಾಗಿ ಸವೆದುಹೋಯಿತು. ಅದು ಶುರುವಾದಾಗ ಮಂತ್ರಿಗಳಿದ್ದರು, ಕ್ಯಾಮೆರಾಗಳಿದ್ದವು. ಮುಗಿದದ್ದು ಯಾವ ದಿನ ಎಂದು ಆ ದಾರಿಯಲ್ಲೇ ದಿನಾ ಓಡಾಡುವವರೂ ಹೇಳಲಾರರು.

ಹೆಸರಿನ ಮಾತು ಬಂತು. ಐರಾವತ, ಅಂಬಾರಿ, ಪಲ್ಲಕ್ಕಿ, ಅಶ್ವಮೇಧ ಎಂದು ಅರಮನೆಯ ಲಾಯಕ್ಕೇ ಕೈಹಾಕುವ ನಮ್ಮ ಬಸ್ಸುಗಳ ನಡುವೆ ಹುಬ್ಬಳ್ಳಿ–ಧಾರವಾಡದ 'ಚಿಗರಿ' ಎಷ್ಟು ಚೆಂದ! ಜಿಂಕೆಗೆ ಆ ಸೀಮೆಯ ಮಾತು. ಓಟವೂ ಇದೆ, ಊರಿನ ವಾಸನೆಯೂ ಇದೆ. 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಓಡಲು ಶುರುವಾಗಿ, 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತ ಉದ್ಘಾಟನೆ ಕಂಡ ಬಸ್ಸಿಗೇ ಮೀಸಲಾದ ಪಥದಲ್ಲಿ ಓಡುವ ಈ 22 ಕಿಲೋಮೀಟರಿನ ಬಿಆರ್‌ಟಿಎಸ್, ಬಸ್ಸಿನೊಳಗೆ ಕೂತವನ ಜೊತೆ ಚೆನ್ನಾಗಿ ಮಾತಾಡುತ್ತದೆ. ಆದರೆ ಅದರ ಹೊರಗಿದ್ದವರ ಜೊತೆ ಮಾತು ಸೋತಿತು. ರಸ್ತೆ ಅಗಲಕ್ಕೆ ಮನೆ-ಅಂಗಡಿ ಕಳೆದುಕೊಂಡವರು, ಕಡಿದ ಮರಗಳನ್ನು ಎಣಿಸಿದವರು, ಪಕ್ಕದ ಕಿರಿದಾದ ಪಥದಲ್ಲಿ ಸಿಕ್ಕಿಕೊಂಡ ಬೈಕಿನವರು, ಇವರಿಗೆಲ್ಲ ನಡುವಿನ ಖಾಲಿ ಪಥ ದಿನವೂ ಕಣ್ಣು ಚುಚ್ಚಿತು. ಎರಡು ಬಸ್ಸುಗಳ ನಡುವಿನ ಆ ಖಾಲಿ ಜಾಗವೇ ಬಸ್ಸಿನ ವೇಗಕ್ಕೆ ಕಾರಣ ಎಂದು ಅವರಿಗೆ ತಿಳಿಯುವಂತೆ ಹೇಳಿದವರು ಕಡಿಮೆ. ದೆಹಲಿಯ ಬಿಆರ್‌ಟಿ ಕಾರಿನವರ ಇದೇ ಸಿಟ್ಟಿಗೆ ಸಿಕ್ಕಿ, 2008ರಲ್ಲಿ ಹುಟ್ಟಿ 2016ರಲ್ಲಿ ಕಿತ್ತುಹೋದದ್ದು ಕಣ್ಣ ಮುಂದೆಯೇ ಇತ್ತು. ಅಹಮದಾಬಾದಿನವರಾದರೋ 2009ರಲ್ಲಿ ತಮ್ಮ ಬಿಆರ್‌ಟಿಯಾದ ಜನಮಾರ್ಗವನ್ನು ಮೊದಲು ಪುಕ್ಕಟೆಯಾಗಿ ಓಡಿಸಿ, ಜನ ಹತ್ತಿ ಇಳಿದು ಆಡಿದ ಮಾತು ಕೇಳಿಸಿಕೊಂಡು, ಆಮೇಲೆ ಟಿಕೆಟ್ ಹರಿದರು.

ಮಾತು ಮನೆಮನೆಗೆ ಮುಟ್ಟಿದ್ದಕ್ಕೆ ನಮ್ಮ ನಾಡಿನಲ್ಲೇ ಒಂದು ಉದಾಹರಣೆಯಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದಾಗ ಯಾರಿಗೂ ಕೋಷ್ಟಕ ಬೇಕಾಗಲಿಲ್ಲ. 'ಹೆಂಗಸರಿಗೆ ಬಸ್ ಫ್ರೀ' ಎಂಬ ಮೂರು ಪದ ರಾಜ್ಯದ ಮೂಲೆಮೂಲೆಗೆ ಒಂದೇ ದಿನದಲ್ಲಿ ಹೋಯಿತು. ತಕರಾರು ಹುಟ್ಟಿದ್ದು ನಾಲ್ಕನೆಯ ಪದದಿಂದ. ಆಧಾರ್ ಅಸಲೇ ಬೇಕೋ, ಜೆರಾಕ್ಸ್ ಸಾಕೋ, ಮೊಬೈಲಿನಲ್ಲಿ ತೋರಿಸಿದರೆ ನಡೆಯುತ್ತದೋ? ಸ್ಪಷ್ಟನೆಗಳು ಬಂದವು, ಬಸ್ಸಿನೊಳಗೆ ಜಗಳ ಶುರುವಾದ ಮೇಲೆ. ಇಲ್ಲೂ ಬೈಗುಳ ತಿಂದದ್ದು ಕಂಡಕ್ಟರೇ.

ಇನ್ನೊಂದು ಪ್ರಶ್ನೆ ಇವತ್ತಿಗೂ ಬಸ್ಸುಗಳಲ್ಲಿ ಕೇಳಿಸುತ್ತದೆ. 'ಫ್ರೀ ಅಂದ ಮೇಲೆ ಟಿಕೆಟ್ ಯಾಕೆ ಇಸ್ಕೋಬೇಕು?' ಕಂಡಕ್ಟರ್ 'ಇಟ್ಕೊಳಮ್ಮ, ಚೆಕಿಂಗ್ ಬರ್ತಾರೆ' ಎಂದು ಆ ಶೂನ್ಯ ಟಿಕೆಟನ್ನು ಕೈಗೆ ತುರುಕಿ ಮುಂದೆ ಹೋಗುತ್ತಾನೆ. ಉತ್ತರ ಅದಲ್ಲ. ಆ ಚೀಟಿಗಳ ಲೆಕ್ಕದ ಮೇಲೆಯೇ ಸರ್ಕಾರ ನಿಗಮಗಳಿಗೆ ಹಣ ಕೊಡಬೇಕು. ಚೀಟಿ ಹರಿಯದಿದ್ದರೆ ಆ ಹೆಂಗಸು ಪ್ರಯಾಣ ಮಾಡಿಯೇ ಇಲ್ಲ ಎಂದಾಗುತ್ತದೆ. 'ತಾಯಿ, ಈ ಚೀಟಿ ನಿಮ್ಮ ಊರಿನ ಬಸ್ಸಿನ ಸಂಬಳ' ಎಂದು ಒಂದು ಸಾಲು ಸೀಟಿನ ಹಿಂದೆ ಬರೆಸಿದ್ದರೆ ಎಷ್ಟು ವಾದ ಉಳಿಯುತ್ತಿತ್ತು! ಬದಲಿಗೆ 2025ರ ಜುಲೈನಲ್ಲಿ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತೆಂದು ಸಂಭ್ರಮಿಸಿದೆವು. ಸಂಭ್ರಮಕ್ಕೆ ನನ್ನ ತಕರಾರಿಲ್ಲ, ಆ ಹೆಂಗಸರು ಕೆಲಸಕ್ಕೆ, ಆಸ್ಪತ್ರೆಗೆ, ತವರಿಗೆ ಹೋದದ್ದು ಸುಳ್ಳಲ್ಲ. ಆದರೆ 500 ಕೋಟಿ ಎಂಬುದು ವಿಧಾನಸೌಧದ ಅಂಕಿ. ಸ್ಟಾಪಿನಲ್ಲಿ ನಿಂತವಳ ಅಂಕಿ ಒಂದು. ಅವಳ ಬಸ್ಸು.

ಅದೇ ವರ್ಷದ ಆರಂಭದಲ್ಲಿ ಟಿಕೆಟ್ ದರ ಏರಿದ ರೀತಿ ಶಕ್ತಿಯ ಸುದ್ದಿ ಮುಟ್ಟಿದ ರೀತಿಗೆ ತದ್ವಿರುದ್ಧ. ಜನವರಿ 2, ಗುರುವಾರ ಸಂಪುಟ ಶೇ. 15ರ ಏರಿಕೆಗೆ ಒಪ್ಪಿತು. ಭಾನುವಾರದಿಂದ ಜಾರಿ. ವಿದ್ಯುತ್ ದರ ಹೆಚ್ಚಿಸಬೇಕಾದರೆ ಆಯೋಗದ ಮುಂದೆ ಬಹಿರಂಗ ವಿಚಾರಣೆ ನಡೆಯಬೇಕು, ರೈತ ಸಂಘದವರು ಎದ್ದು ನಿಂತು ಲೆಕ್ಕ ಕೇಳುತ್ತಾರೆ. ಬಸ್ ಪ್ರಯಾಣಿಕರಿಗೆ ಸಿಕ್ಕಿದ್ದು ಮೂರು ದಿನ. ಡೀಸೆಲ್ಲು, ಸಂಬಳ, ಬಾಕಿ ಸಾಲ ಎಂದು ಕಾರಣಗಳು ನಿಜವಾಗಿಯೂ ಇದ್ದವು. ಅವನ್ನು ಮೊದಲೇ ಜನರ ಮುಂದಿಟ್ಟಿದ್ದರೆ ಅರ್ಧ ಜನರಾದರೂ ತಲೆಯಾಡಿಸುತ್ತಿದ್ದರು ಎಂಬುದು ನನ್ನ ನಂಬಿಕೆ.

ಆ್ಯಪ್ ಬಂದಿದೆಯಲ್ಲ, ಇನ್ನೇನು ಬೇಕು ಎನ್ನುವವರಿದ್ದಾರೆ. ಬೆಂಗಳೂರಿಗೆ 2016ರಲ್ಲೊಂದು ಬಂತು, 2023ರಲ್ಲಿ 'ನಮ್ಮ ಬಿಎಂಟಿಸಿ' ಬಂತು. ಮೈಸೂರಿನ ನಗರ ಬಸ್ಸುಗಳು ಅದಕ್ಕೂ ಮೊದಲು, 2012ರಲ್ಲೇ, ಉಪಗ್ರಹದ ನೆರವಿನಿಂದ ಬಸ್ಸಿನ ಜಾಡು ಹಿಡಿದು ಸ್ಟಾಪಿನ ಫಲಕದಲ್ಲಿ ಸಮಯ ತೋರಿಸುವ ವ್ಯವಸ್ಥೆ ಕಂಡವು. ಇವೆಲ್ಲ ಬೇಕು. ನಾನೂ ಬಳಸುತ್ತೇನೆ. ಆದರೆ ಆ ಹೂವಿನವಳ ಫೋನಿನಲ್ಲಿ ಇರುವುದು ಅಂಕಿಯ ಗುಂಡಿಗಳು ಮಾತ್ರ.

ಹಾಗಾಗಿ ಪ್ರಕಟಣೆ ಬರೆಯುವ ಗುಮಾಸ್ತರಲ್ಲಿ ನನ್ನದೊಂದು ಕೋರಿಕೆ. ಸದುಪಯೋಗದ ಮಾತು ಇನ್ನು ಸಾಕು. ಯಾವ ನಂಬರು, ಯಾವ ಸ್ಟಾಪು, ಎಷ್ಟು ಹೊತ್ತಿಗೊಂದು, ಮೊದಲನೆಯದು ಎಷ್ಟಕ್ಕೆ, ಕೊನೆಯದು ಎಷ್ಟಕ್ಕೆ, ಯಾವುದು ನಿಂತುಹೋಯಿತು, ಇಷ್ಟನ್ನು ದಪ್ಪ ಅಕ್ಷರದಲ್ಲಿ ಬರೆದು ಕಂಬಕ್ಕೆ ಅಂಟಿಸಿ. ತಿಂಗಳು, ವರ್ಷ ಎರಡನ್ನೂ ಹಾಕಿ. ಅಂಟಿಸಲು ಹೋದವನಿಗೆ ಹಳೆಯ ಹಾಳೆ ಕಿತ್ತುಕೊಂಡು ಬರಲು ಹೇಳಿ.