ಮಾಲ್ಟಾ ಜ್ವರದ ಇತಿಹಾಸ: ಒಂದು ವಿಮರ್ಶೆ

ಪ್ರಾಣಿಗಳಿಂದ ಮನುಷ್ಯರಿಗೆ ಹರಡುವ ಬ್ರೂಸೆಲ್ಲೋಸಿಸ್ ರೋಗದ ಇತಿಹಾಸವನ್ನು ಡೇವಿಡ್ ಬ್ರೂಸ್ ಎಂಬ ಸೇನಾವೈದ್ಯರೊಬ್ಬರ ವಿಜಯಗಾಥೆಯಾಗಿ ನಿರೂಪಿಸುವುದು ರೂಢಿಯಾಗಿದೆ. ಈ ನಿರೂಪಣೆ ಸುಳ್ಳೆಂದು ನಾವು ಹೇಳುವುದಿಲ್ಲ; ಅಪೂರ್ಣವೆಂಬುದಷ್ಟೇ ನಮ್ಮ ಆಕ್ಷೇಪ.

ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಮಡಿದ ಬ್ರಿಟಿಷ್ ಸೈನಿಕರ ಗುಲ್ಮದಿಂದ ರೋಗಾಣುವನ್ನು ಬೇರ್ಪಡಿಸಿ ಬೆಳೆಸಿದ ಸಂಗತಿಯನ್ನು ಬ್ರೂಸ್ ಅವರು 1887ರಲ್ಲಿ ಪ್ರಕಟಿಸಿದರು. ಆ ಕಾರ್ಯದಲ್ಲಿ ಮಾಲ್ಟಾದವರೇ ಆದ ಕರುವಾನಾ ಶಿಕ್ಲುನಾ ಎಂಬ ವೈದ್ಯರು ಅವರಿಗೆ ನೆರವಾಗಿದ್ದರು. ರೋಗಾಣುವೇನೋ ತಿಳಿಯಿತು; ಅದು ಮನುಷ್ಯನ ದೇಹವನ್ನು ಸೇರುವ ಮಾರ್ಗ ಮಾತ್ರ ಮುಂದಿನ ಹದಿನೆಂಟು ವರ್ಷಗಳವರೆಗೆ ತಿಳಿಯಲಿಲ್ಲ. 1904ರಲ್ಲಿ ಬ್ರೂಸ್ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಆಯೋಗವೊಂದು ನೇಮಕಗೊಂಡಿತು. ಅದರ ಸದಸ್ಯರಾದ ಮಾಲ್ಟಾದ ವೈದ್ಯ ತೆಮಿಸ್ಟೊಕ್ಲೆಸ್ ಝಮ್ಮಿತ್ ಅವರು 1905ರಲ್ಲಿ ಆಡುಗಳ ರಕ್ತವನ್ನು ಪರೀಕ್ಷಿಸಿ, ಅವುಗಳಿಗೆ ಸೋಂಕು ತಗುಲಿರುವುದನ್ನು ಕಂಡುಹಿಡಿದರು. ಅವುಗಳ ಹಾಲಿನಲ್ಲಿಯೂ ರೋಗಾಣು ಇರುವುದು ಅನಂತರ ಸಿದ್ಧವಾಯಿತು. ನೋಡಲು ಆರೋಗ್ಯವಾಗಿಯೇ ಇದ್ದ ಆಡಿನ ಮೇಲೆ ಅದುವರೆಗೆ ಸಂಶಯ ಬಾರದಿದ್ದುದು ಸಹಜವೇ. ಅದೇ ವರ್ಷ ಮಾಲ್ಟಾದ ಆಡುಗಳನ್ನು ಅಮೆರಿಕಕ್ಕೆ ಸಾಗಿಸಿದ 'ಜೋಶುವಾ ನಿಕೋಲ್ಸನ್' ಹಡಗಿನಲ್ಲಿ ಹಸಿಹಾಲು ಕುಡಿದ ನಾವಿಕರು ಜ್ವರಕ್ಕೆ ತುತ್ತಾದುದು ಈ ನಿರ್ಣಯಕ್ಕೆ ಪುಷ್ಟಿಯನ್ನೊದಗಿಸಿತು.

ಹೀಗಿದ್ದರೂ, ಈ ರೋಗಾಣುವಿಗೂ ಹಸುಗಳಲ್ಲಿ ಗರ್ಭಪಾತವನ್ನುಂಟುಮಾಡುವ ರೋಗಾಣುವಿಗೂ ಇರುವ ಹತ್ತಿರದ ಸಂಬಂಧವನ್ನು 1918ರಲ್ಲಿ ಆಲಿಸ್ ಇವಾನ್ಸ್ ತೋರಿಸಿಕೊಟ್ಟ ಮೇಲೆ, 1920ರಲ್ಲಿ ಆ ಕುಲಕ್ಕೆ ಸೂಚಿತವಾದ ಹೆಸರು 'ಬ್ರೂಸೆಲ್ಲಾ'. ಇತಿಹಾಸಾಭ್ಯಾಸಿಗಳಾದ ನಾವು ಝಮ್ಮಿತ್ ಅವರನ್ನು ತಾರ್ಷೀನ್‌ನ ಪ್ರಾಚೀನ ದೇಗುಲಗಳನ್ನು ಉತ್ಖನನ ಮಾಡಿದ ಪುರಾತತ್ತ್ವಜ್ಞರೆಂದು ಬಲ್ಲೆವು. ಆಡಿನ ಹಾಲಿನ ಗುಟ್ಟನ್ನು ಬಯಲಿಗೆ ತಂದವರೂ ಅವರೇ ಎಂಬುದನ್ನು ಎಷ್ಟು ಮಂದಿ ಬಲ್ಲೆವು?

ಕೀರ್ತಿಯ ಹಂಚಿಕೆಗಿಂತಲೂ ಗುರುತರವಾದ ಲೋಪ ಇನ್ನೊಂದಿದೆ. 1906ರಲ್ಲಿ ಸೇನೆಗೆ ಆಡಿನ ಹಾಲು ನಿಷಿದ್ಧವಾಯಿತು. ಸೈನಿಕರಲ್ಲಿ ರೋಗ ಬಹುಬೇಗ ಇಳಿಯಿತು. ರೂಢಿಯ ಕಥೆ ಇಲ್ಲಿಗೆ ಮಂಗಳ ಹಾಡುತ್ತದೆ. ಆದರೆ ದ್ವೀಪದ ಜನರ ಮನೆಬಾಗಿಲಿಗೆ ಆಡಿನ ಹಿಂಡುಗಳು ಬರುವುದೂ, ಅಲ್ಲಿಯೇ ಕರೆದ ಹಾಲನ್ನು ಜನ ಕೊಳ್ಳುವುದೂ ನಿಲ್ಲಲಿಲ್ಲ. ಹಾಲನ್ನು ಕಾಯಿಸಿ ರೋಗಾಣುಗಳನ್ನು ಕೊಲ್ಲುವ ಪಾಶ್ಚರೀಕರಣದ ವ್ಯವಸ್ಥೆ ಅಲ್ಲಿ ಆರಂಭವಾದುದು 1938ರಲ್ಲಿ. ಬಡವನಿಗೆ ಆಡೇ ಜೀವನಾಧಾರವಾಗಿರುವಲ್ಲಿ ಬರಿಯ ಎಚ್ಚರಿಕೆಯ ಮಾತಿನಿಂದ ಪ್ರಯೋಜನವೇನು?

ಶೋಧವೊಂದರ ಇತಿಹಾಸವು ಪ್ರಯೋಗಶಾಲೆಯ ಬಾಗಿಲಿನಲ್ಲಿ ಮುಗಿಯತಕ್ಕದ್ದಲ್ಲ. ಅದರ ಫಲ ಯಾರಿಗೆ ಮೊದಲು ದೊರೆಯಿತು, ಯಾರು ಎಷ್ಟು ಕಾಲ ಕಾಯಬೇಕಾಯಿತು ಎಂಬುದನ್ನೂ ಅದು ಹೇಳಬೇಕು. ಸೈನಿಕನಿಗೂ ನಾಗರಿಕನಿಗೂ ನಡುವೆ ಇರುವ ಆ ಮೂವತ್ತೆರಡು ವರ್ಷಗಳನ್ನು ಬಿಟ್ಟು ಬರೆದ ಇತಿಹಾಸವು ಆಳಿದವರ ಇತಿಹಾಸವೇ ಹೊರತು ರೋಗದ ಇತಿಹಾಸವಲ್ಲ.