ಗಣಿಯ ಜನಕ್ಕೆ ವೀರ ಬೇಕಿತ್ತೆ?

'ಕೆ.ಜಿ.ಎಫ್' ಸಿನಿಮಾದ (2018) ನಾರಾಚಿಯಲ್ಲಿ ದುಡಿಯುವ ಜನ ಸಾವಿರಾರು. ಆದರೆ ಅವರಿಗೆ ಜಾತಿಯ ಗುರುತಿಲ್ಲ, ಕೂಲಿಯಿಲ್ಲ, ಸಂಘವಿಲ್ಲ. ಬಿಡಿಸಲು ಬರುವ ವೀರನಿಗೆ ಕಾಯೋದೇ ಅವರ ಬದುಕು. ನನ್ನ ತಕರಾರಿರೋದು ಇಲ್ಲೇ.

1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರಕ್ಕೆ ಬಂದ ಮೇಲೆ ಸುರಂಗಕ್ಕಿಳಿದವರಲ್ಲಿ ಬಹಳಷ್ಟು ಮಂದಿ ಉತ್ತರ ಆರ್ಕಾಟಿನ ದಲಿತರು. ಊರಗೌಡರ ಜೀತ ಬಿಟ್ಟು ಬಂದವರಿಗೆ ಕೈಗೆ ಸಿಗುವ ಕೂಲಿ ಒಂದು ಬಗೆಯ ಬಿಡುಗಡೆಯೇ. ಅದಕ್ಕೆ ತೆತ್ತ ಬೆಲೆಯೂ ಕಡಿಮೆಯದಲ್ಲ: ಬಿದಿರು ತಟ್ಟಿಯ ಗುಡಿಸಲು, ಎದೆಗೂಡು ತುಂಬಿದ ಕಲ್ಲಿನ ಧೂಳು. 1902ರಲ್ಲಿ ಶಿವನಸಮುದ್ರದ ಕರೆಂಟು ಅಷ್ಟು ದೂರ ಹರಿದದ್ದು ಗಣಿಯ ಯಂತ್ರಗಳಿಗಾಗಿ. 1930ರಲ್ಲಿ ಬೆರಳಚ್ಚು ಒತ್ತಿ ಎಂದಾಗ ಈ ಜನವೇ ಕೆಲಸ ನಿಲ್ಲಿಸಿ ಕೂತರು. ಯಾವ ವೀರನೂ ಬಂದಿರಲಿಲ್ಲ.

ಪಾ. ರಂಜಿತ್ ಅವರ 'ತಂಗಲಾನ್' (2024) ಈ ಜನಕ್ಕೆ ಕುಲ, ಊರು, ಸಿಟ್ಟು ವಾಪಸು ಕೊಟ್ಟಿತು. ಆದರೆ ಅದರ ಕಥೆ ಕಂಪನಿಗೂ ಹಿಂದಿನದು. ಪಾಳಿಗೆ ಹೋಗಿಬರುವ ದಿನಚರಿ ಅಲ್ಲಿಲ್ಲ.

2001ರಲ್ಲಿ ಗಣಿ ಮುಚ್ಚಿತು. ಅದರ ಹೆಸರಲ್ಲಿ ಕನ್ನಡ ಸಿನಿಮಾ ಕೋಟಿಗಟ್ಟಲೆ ಎಣಿಸಿತು. ಕೂಲಿ ಎಷ್ಟಿತ್ತು, ಒಲೆ ಮೇಲೆ ಏನು ಬೇಯ್ತಿತ್ತು, ಕೆಮ್ಮಿ ಸತ್ತವರು ಯಾರು ಅಂತ ನಮ್ಮ ವಿಮರ್ಶೆಯಾದರೂ ಕೇಳಬೇಡವೆ?